ಹೆಸರು ಹೊಡೆಯುವ ಮೊದಲಿನ ಏಳು ದಿನ

ಫಲಿತಾಂಶ ಬಂದ ಸಂಜೆ ಮತಯಂತ್ರದ ಬಗ್ಗೆ ವಾದ ಹೂಡುವವರು ಓಣಿಗೆ ಹತ್ತು ಮಂದಿ ಸಿಗುತ್ತಾರೆ. ಕರಡು ಮತದಾರರ ಪಟ್ಟಿಯನ್ನು ಮತಗಟ್ಟೆಯ ಶಾಲೆಯಲ್ಲಿ ಹಚ್ಚಿದ ದಿನ ಅದರ ಮುಂದೆ ನಿಂತು ಬೆರಳಿಟ್ಟು ಓದುವವರು ಇಡೀ ಊರಿಗೆ ಇಬ್ಬರು ಸಿಕ್ಕರೆ ಪುಣ್ಯ. ಯಂತ್ರವನ್ನು ಕಾಯಲು ಪಕ್ಷಗಳ ಏಜೆಂಟರಿದ್ದಾರೆ, ಬೆಳಿಗ್ಗೆ ಅಣಕು ಮತದಾನವಿದೆ, ವಿವಿಪ್ಯಾಟ್ ಚೀಟಿಯಿದೆ. ಪಟ್ಟಿಯನ್ನು ಕಾಯಲು ಇರುವುದು ಒಬ್ಬ ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ, ಮನಸ್ಸು ಮಾಡಿದರೆ ನಾವು.

ಪಟ್ಟಿಯಲ್ಲಿ ನಾಲ್ಕು ಹೆಸರು ಹೆಚ್ಚುಕಡಿಮೆಯಾದರೆ ಏನಾದೀತು ಎನ್ನುವವರಿಗೆ ನಮ್ಮ ಗದಗದ್ದೇ ಲೆಕ್ಕ ಇದೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಗದಗ ಕ್ಷೇತ್ರದಲ್ಲಿ ಎಚ್‌.ಕೆ. ಪಾಟೀಲರು ಅನಿಲ ಮೆಣಸಿನಕಾಯಿ ಅವರ ವಿರುದ್ಧ ಗೆದ್ದದ್ದು ಎರಡು ಸಾವಿರಕ್ಕೂ ಕಡಿಮೆ ಮತಗಳಿಂದ. ಕ್ಷೇತ್ರದ ಮತಗಟ್ಟೆಗಳಿಗೆ ಹಂಚಿ ನೋಡಿದರೆ ಒಂದೊಂದು ಮತಗಟ್ಟೆಗೆ ಬೆರಳೆಣಿಕೆಯ ಮತ. 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಲ್ಲಿ ಇತ್ಯರ್ಥವಾಯಿತು. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್‌. ಧ್ರುವನಾರಾಯಣ ಒಂದೇ ಒಂದು ಮತದಿಂದ ಗೆದ್ದರು. ಇಷ್ಟು ಸಣ್ಣ ಅಂತರವನ್ನು ಮೀರಿಸಲು ಮೋಸವೇ ಆಗಬೇಕೆಂದಿಲ್ಲ. ಬರೀ ಅಲಕ್ಷ್ಯ ಸಾಕು.

ಮೊದಲು ಪಟ್ಟಿಯನ್ನು ಓದುವುದು ಹೇಗೆ ಎಂದು ನೋಡೋಣ. ವಿಧಾನಸಭಾ ಕ್ಷೇತ್ರವೊಂದರ ಪಟ್ಟಿ ಭಾಗಗಳಾಗಿ ಒಡೆದಿರುತ್ತದೆ. ಒಂದು ಭಾಗ ಎಂದರೆ ಒಂದು ಮತಗಟ್ಟೆ. ಮೊದಲ ಪುಟದಲ್ಲಿ ಮತಗಟ್ಟೆಯ ವಿಳಾಸ, ಅದಕ್ಕೆ ಸೇರುವ ಓಣಿಗಳು, ಗಂಡಸರೆಷ್ಟು ಹೆಂಗಸರೆಷ್ಟು ಎಂಬ ಲೆಕ್ಕ. ಒಳಗಿನ ಪುಟಗಳಲ್ಲಿ ಮೂರು ಸಾಲಾಗಿ ಸಣ್ಣ ಸಣ್ಣ ಚೌಕಗಳು. ಒಂದೊಂದರಲ್ಲೂ ಕ್ರಮ ಸಂಖ್ಯೆ, ಗುರುತಿನ ಚೀಟಿಯ ಸಂಖ್ಯೆ, ಹೆಸರು, ತಂದೆ ಅಥವಾ ಗಂಡನ ಹೆಸರು, ಮನೆ ನಂಬರು, ವಯಸ್ಸು, ಲಿಂಗ. ಬಹಳ ಮಂದಿ ತಮ್ಮ ಹೆಸರು ಕಂಡೊಡನೆ ಪುಟ ಮಡಚುತ್ತಾರೆ. ನಿಜವಾಗಿ ನೋಡಬೇಕಾದ್ದು ಹಿಂದಿದೆ. ಮೂಲ ಪಟ್ಟಿಯ ನಂತರ ಪೂರಕ ಪಟ್ಟಿ ಬರುತ್ತದೆ. ಹೊಸದಾಗಿ ಸೇರಿದವರು, ತಿದ್ದುಪಡಿಯಾದವರು, ಕೈಬಿಟ್ಟವರು ಎಲ್ಲ ಅಲ್ಲಿದ್ದಾರೆ. ಕೈಬಿಟ್ಟ ಹೆಸರಿನ ಪಕ್ಕ ಒಂದಕ್ಷರದ ಕಾರಣ ಇರುತ್ತದೆ: ತೀರಿಕೊಂಡವರಿಗೆ ‘ಇ’, ಮನೆ ಬದಲಿಸಿದವರಿಗೆ ‘ಎಸ್’, ಎರಡು ಸಲ ಬಂದ ಹೆಸರಿಗೆ ‘ಆರ್’, ಪತ್ತೆಯಾಗದವರಿಗೆ ‘ಎಂ’, ಅನರ್ಹರಿಗೆ ‘ಕ್ಯೂ’. ಮೂಲ ಪಟ್ಟಿಯಲ್ಲಿ ಅಂಥವರ ಚೌಕದ ಮೇಲೆ ಅಡ್ಡಲಾಗಿ ಮುದ್ರೆ ಬಿದ್ದಿರುತ್ತದೆ. ಊರಿನ ಪಟ್ಟಿಯ ಆರೋಗ್ಯ ತಿಳಿಯಬೇಕೆಂದರೆ ಈ ‘ಎಸ್’ ಮತ್ತು ‘ಎಂ’ ಅಕ್ಷರಗಳ ಎದುರಿನ ಹೆಸರುಗಳನ್ನು ಓದಬೇಕು. ‘ಇ’ ಬಹುಮಟ್ಟಿಗೆ ಸರಿಯಾಗಿರುತ್ತದೆ, ಸತ್ತವರ ಸುದ್ದಿ ಊರಿಗೆಲ್ಲ ಗೊತ್ತಿರುತ್ತದಲ್ಲ.

ಈ ‘ಎಸ್’ ಹೇಗೆ ಬೀಳುತ್ತದೆ ಎಂದು ನೋಡಿ. ನಮ್ಮ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾಗಳಲ್ಲಿ ಸುಗ್ಗಿ ಮುಗಿದ ಮೇಲೆ ಅರ್ಧ ಮನೆಗಳಿಗೆ ಕೀಲಿ. ಗೋವಾ, ಮಂಗಳೂರು, ಬೆಂಗಳೂರು ಎಂದು ಕಟ್ಟಡ ಕೆಲಸಕ್ಕೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಜನ ಹೋಗಿರುತ್ತಾರೆ. ಬಿಎಲ್‌ಒ ಆಗಿರುವ ಅಂಗನವಾಡಿ ಟೀಚರು ಪಟ್ಟಿ ಹಿಡಿದು ಬರುತ್ತಾರೆ.

“ಯಮ್ಮಾ, ಫಕ್ಕೀರಪ್ಪ ಅದಾರೇನ್ರಿ?”

“ಇಲ್ಲಬೇ, ಗೋವಾಕ್ಕ ಹೋಗ್ಯಾರ.”

ಮುದುಕಿಯ ಉತ್ತರದಲ್ಲಿ ಸುಳ್ಳಿಲ್ಲ. ಟೀಚರಿಗೂ ಇನ್ನೂ ನೂರು ಮನೆ ತಿರುಗುವುದಿದೆ. ಕಾಗದದ ಮೇಲೆ ಮಾತ್ರ ಫಕ್ಕೀರಪ್ಪ ಊರು ಬಿಟ್ಟವನಾಗುತ್ತಾನೆ. “ದುಡಿಯಾಕ ಹೋಗ್ಯಾರ, ಉಗಾದಿಗೆ ಬರ್ತಾರ” ಎಂದು ಒಂದು ಮಾತು ಸೇರಿಸಿದ್ದರೆ ಲೆಕ್ಕ ಬೇರೆಯಾಗುತ್ತಿತ್ತು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 20ನೇ ಕಲಂನಲ್ಲಿ ಇದಕ್ಕೆ ಚೊಕ್ಕ ಉತ್ತರವಿದೆ: ತಾತ್ಕಾಲಿಕವಾಗಿ ಊರಿನಿಂದ ದೂರ ಇರುವ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಆಗದೇ ಹೋಗುವುದಿಲ್ಲ. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ. ಊರಲ್ಲಿ ಮನೆ ಇದೆ, ಅದು ನನ್ನ ಹೆಸರಲ್ಲಿದೆ ಎಂಬುದೊಂದೇ ಕಾರಣಕ್ಕೆ ಅಲ್ಲಿನ ನಿವಾಸಿಯೂ ಆಗುವುದಿಲ್ಲ. ಇಪ್ಪತ್ತು ವರ್ಷದಿಂದ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಸಂಸಾರ ಹೂಡಿ, ಅಲ್ಲಿಯೂ ಹೆಸರು ಬರೆಸಿ, ಲಕ್ಷ್ಮೇಶ್ವರದ ಹಿರಿಯರ ಮನೆಯ ನಂಬರಿನಲ್ಲೂ ಉಳಿದುಕೊಂಡಿರುವ ವಿದ್ಯಾವಂತರು ಇದನ್ನು ಓದಬೇಕು. ಎರಡು ಕಡೆ ಹೆಸರು ಇರಕೂಡದು ಎಂದು 17 ಮತ್ತು 18ನೇ ಕಲಂಗಳು ಹೇಳುತ್ತವೆ. ಗೊತ್ತಿದ್ದೂ ಸುಳ್ಳು ಘೋಷಣೆ ಕೊಟ್ಟರೆ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಕಬ್ಬು ಕಡಿಯಲು ಹೋದವನನ್ನು ಅನುಮಾನಿಸುವ ನಾವು ಈ ಎರಡು ಮನೆಯವರನ್ನು ‘ನಮ್ಮೂರಿನ ಅಭಿಮಾನಿ’ ಎಂದು ಹೊಗಳುವುದು ವಿಚಿತ್ರ.

ಅರ್ಜಿಗಳ ವಿಷಯಕ್ಕೆ ಬರೋಣ. 2022ರ ಆಗಸ್ಟ್‌ನಿಂದ ಇವು ಸರಳವಾಗಿವೆ. ಹೊಸದಾಗಿ ಸೇರಲು ನಮೂನೆ 6. ಹೆಸರು ತೆಗೆಸಲು ಅಥವಾ ಇನ್ನೊಬ್ಬರ ಸೇರ್ಪಡೆಗೆ ಆಕ್ಷೇಪಿಸಲು ನಮೂನೆ 7. ಉಳಿದ ಎಲ್ಲದಕ್ಕೂ, ಅಂದರೆ ಮನೆ ಬದಲು, ಹೆಸರಿನ ತಿದ್ದುಪಡಿ, ಹೊಸ ಗುರುತಿನ ಚೀಟಿ, ಅಂಗವಿಕಲರೆಂಬ ದಾಖಲೆ, ಎಲ್ಲಕ್ಕೂ ನಮೂನೆ 8. ಮೊದಲು ಜನವರಿ 1ಕ್ಕೆ 18 ತುಂಬಿದವರು ಮಾತ್ರ ಸೇರಬಹುದಿತ್ತು. ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ಗಳ ಒಂದನೇ ತಾರೀಕು ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ. ವಿಳಾಸಕ್ಕೆ ಕರೆಂಟು ಬಿಲ್ಲು, ನೀರಿನ ಬಿಲ್ಲು, ಗ್ಯಾಸ್ ಬಿಲ್ಲು, ಪಾಸ್‌ಬುಕ್ಕು, ಆಧಾರ್ ಯಾವುದಾದರೂ ನಡೆಯುತ್ತದೆ. ಬೆಟಗೇರಿಯ ಬಾಡಿಗೆ ಮನೆಗಳಲ್ಲಿ ಇರುವವರ ಹತ್ತಿರ ಯಾವುದೂ ಅವರ ಹೆಸರಿನಲ್ಲಿ ಇರುವುದಿಲ್ಲ. ಅಂಥವರನ್ನು ಕಾಗದವಿಲ್ಲ ಎಂದು ವಾಪಸು ಕಳಿಸುವಂತಿಲ್ಲ, ಬಿಎಲ್‌ಒ ಮನೆಗೆ ಬಂದು ನೋಡಿ ವರದಿ ಕೊಡಬೇಕು. ಮನೆ ಬದಲಿಸಿದವರು ಮತ್ತೊಂದು ನಮೂನೆ 6 ಹಾಕುವುದು ಎಲ್ಲೆಡೆ ನಡೆಯುವ ತಪ್ಪು. ಹಳೆಯ ಹೆಸರು ಹಾಗೇ ಉಳಿದು, ಹೊಸದೊಂದು ಹುಟ್ಟಿ, ಮುಂದೆ ಯಾವುದನ್ನು ಹೊಡೆಯಬೇಕು ಎಂಬ ಗೊಂದಲದಲ್ಲಿ ಕೆಲವೊಮ್ಮೆ ಎರಡೂ ಹೋಗುತ್ತವೆ. ಅದು ನಮೂನೆ 8ರ ಕೆಲಸ.

ಮಾತೆಲ್ಲ ಬಂದು ನಿಲ್ಲುವುದು ನಮೂನೆ 7ರ ಹತ್ತಿರ. ಸತ್ತವರ ಹೆಸರು ತೆಗೆಯಲು ಇದು ಬೇಕೇ ಬೇಕು. ಬದುಕಿರುವವರ ಹೆಸರು ಹಾರಿಸಲೂ ಇದೇ ದಾರಿ ಎಂಬುದನ್ನು ತೋರಿಸಿದ್ದು ಕಲಬುರಗಿ ಜಿಲ್ಲೆಯ ಆಳಂದ. 2023ರ ವಿಧಾನಸಭಾ ಚುನಾವಣೆಗೆ ಮುಂಚಿನ ತಿಂಗಳುಗಳಲ್ಲಿ ಆ ಒಂದು ಕ್ಷೇತ್ರದಲ್ಲಿ ಆನ್‌ಲೈನ್ ಮೂಲಕ 6,018 ನಮೂನೆ 7 ಅರ್ಜಿಗಳು ಬಿದ್ದಿದ್ದವು. ತನ್ನ ಹತ್ತಿರದ ಸಂಬಂಧಿಯ ಹೆಸರು ತೆಗೆಯಲು ಅರ್ಜಿ ಬಂದಿರುವುದನ್ನು ಬಿಎಲ್‌ಒ ಒಬ್ಬರು ಕಂಡು, ಅರ್ಜಿದಾರ ಎಂದು ನಮೂದಾಗಿದ್ದವರನ್ನೇ ಕೇಳಿದರು. ನನಗೇನೂ ಗೊತ್ತಿಲ್ಲ ಎಂದರು ಆ ಮನುಷ್ಯ. ಎಳೆ ಹಿಡಿದು ಎಲ್ಲ ಅರ್ಜಿಗಳನ್ನು ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದವು 24 ಮಾತ್ರ. ಉಳಿದ 5,994 ಮಂದಿ ತಂತಮ್ಮ ಮನೆಯಲ್ಲೇ ಇದ್ದರು. 2023ರ ಫೆಬ್ರುವರಿಯಲ್ಲಿ ಚುನಾವಣಾ ಅಧಿಕಾರಿಗಳೇ ಪೊಲೀಸರಿಗೆ ದೂರು ಕೊಟ್ಟರು. ಸಿಐಡಿ ತನಿಖೆ ನಡೆದು, 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು. ಅದೇ ತಿಂಗಳು ಚುನಾವಣಾ ಆಯೋಗ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಜೋಡಿಸಿದ ಮೊಬೈಲಿನ ಒಟಿಪಿ ಮೂಲಕ ಇ-ಸೈನ್ ಕಡ್ಡಾಯ ಮಾಡಿತು.

ಆಳಂದವನ್ನು ರಾಜಕೀಯ ಪಕ್ಷಗಳು ತಮ್ಮ ತಮ್ಮ ರೀತಿ ಓದಿಕೊಂಡಿವೆ. ನಾಗರಿಕನಾಗಿ ಓದಿದರೆ ಅಲ್ಲಿ ಕಾಣುವುದು ಎರಡು ಸಂಗತಿ. ಒಂದು, ಹಿಡಿದದ್ದು ಯಾವ ಸಾಫ್ಟ್‌ವೇರೂ ಅಲ್ಲ, ಹೆಸರಿನ ಹಿಂದಿನ ಮನುಷ್ಯನನ್ನು ಬಲ್ಲ ಒಬ್ಬ ಬಿಎಲ್‌ಒ. ಎರಡು, ಅರ್ಜಿ ಬಿದ್ದ ದಿನಕ್ಕೂ ಹೆಸರು ಹೊಡೆಯುವ ದಿನಕ್ಕೂ ನಡುವೆ ಅಂತರ ಇದ್ದುದರಿಂದ ಆ ಹೆಸರುಗಳು ಉಳಿದವು.

ಆ ಅಂತರವನ್ನು ಕಾನೂನೇ ಕೊಟ್ಟಿದೆ. 1960ರ ಮತದಾರರ ನೋಂದಣಿ ನಿಯಮಗಳ ಪ್ರಕಾರ ಬಂದ ಅರ್ಜಿಗಳ ಪಟ್ಟಿಯನ್ನು ನೋಂದಣಾಧಿಕಾರಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಸೇರ್ಪಡೆ ಕೋರಿದವರ ಪಟ್ಟಿ ನಮೂನೆ 9ರಲ್ಲಿ, ಹೆಸರು ತೆಗೆಯಲು ಕೋರಿದವರ ಪಟ್ಟಿ ನಮೂನೆ 10ರಲ್ಲಿ, ತಿದ್ದುಪಡಿಗಳದ್ದು ನಮೂನೆ 11ರಲ್ಲಿ. ತಹಶೀಲ್ದಾರ್ ಕಚೇರಿಯ ಸೂಚನಾ ಫಲಕದಲ್ಲಿ ಈ ಹಾಳೆಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿರುತ್ತವೆ. ರಾಜ್ಯ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೂ ಸಿಗುತ್ತವೆ. ನಮ್ಮ ಕಡೆ ಮತದಾರರ ಹಕ್ಕಿಗಾಗಿ ಏನಾದರೂ ಮಾಡಬೇಕು ಎಂದು ಹೊರಟ ಯುವಕರಿಗೆ ನನ್ನ ಮೊದಲ ಸಲಹೆ, ಬ್ಯಾನರು ಬರೆಸುವ ಮೊದಲು ಈ ನಮೂನೆ 10ನ್ನು ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದು ಓಣಿಯ ಗುಂಪಿಗೆ ಹಾಕಿ. ‘ಹೆಸರು ತೆಗೆಯಲು ಅರ್ಜಿ ಬಂದಿದೆ’ ಎಂದು ಕಂಡವನು ತಾನೇ ಓಡಿ ಬರುತ್ತಾನೆ.

ಓಡಿ ಬಂದವನ ಕೈಯಲ್ಲಿ ಇರುವ ಬಲವೂ ಸಣ್ಣದಲ್ಲ. 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಂದಿಗೂ ಆಧಾರ. ಒಮ್ಮೆ ಪಟ್ಟಿಯಲ್ಲಿ ಹೆಸರು ಬಂತೆಂದರೆ ಅದು ಸರಿಯಾಗಿಯೇ ಬಂದಿದೆ ಎಂದು ಮೊದಲು ನಂಬಬೇಕು. ಅಲ್ಲ ಎನ್ನುವವನು ರುಜುವಾತು ಕೊಡಬೇಕು. ನೋಟಿಸು ಕೊಡದೆ, ಮಾತು ಕೇಳದೆ ತೆಗೆಯಬಾರದು. 1950ರ ಕಾಯ್ದೆಯ 22ನೇ ಕಲಂನಲ್ಲೂ ವಿಚಾರಣೆಯ ಅವಕಾಶ ಕಡ್ಡಾಯ. ನೋಂದಣಾಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿಯೂ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ. ದಿನ ಎಣಿಸಬೇಕಾದರೆ ತಾರೀಕು ಇರುವ ಕಾಗದ ಬೇಕು. “ಸಾಹೇಬ್ರಿಗೆ ಹೇಳೀವ್ರಿ, ನೋಡ್ತೀನಿ ಅಂದಾರ” ಎಂಬುದು ಕಾಗದವಲ್ಲ. ಸ್ವೀಕೃತಿ ಚೀಟಿ ಅಥವಾ ಆನ್‌ಲೈನ್ ಅರ್ಜಿಯ ಉಲ್ಲೇಖ ಸಂಖ್ಯೆ ಇಲ್ಲದ ದೂರು ನಡೆದೇ ಇಲ್ಲ ಎಂದುಕೊಳ್ಳಿ.

ನಮ್ಮ ಗದಗ ಜಿಲ್ಲೆಗೆ ಇನ್ನೂ ಒಂದು ತೊಡಕಿದೆ. ಅದು ಗಡಿಯದು.

ಗದಗ-ಬೆಟಗೇರಿ ಅವಳಿ ನಗರ 66ನೇ ಗದಗ ಕ್ಷೇತ್ರದಲ್ಲಿದೆ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಮೂರೂ ಪಟ್ಟಣಗಳು 65ನೇ ಶಿರಹಟ್ಟಿ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರಕ್ಕೆ ಸೇರಿವೆ. ಆದರೆ ಮುಂಡರಗಿ ತಾಲ್ಲೂಕಿನದೇ ಡಂಬಳ ಹೋಬಳಿ ರೋಣ ಕ್ಷೇತ್ರದಲ್ಲಿದೆ. ಲೋಕಸಭೆಗೆ ಗದಗ, ಶಿರಹಟ್ಟಿ, ರೋಣ ಈ ಮೂರು ಹಾವೇರಿ ಕ್ಷೇತ್ರಕ್ಕೆ ಹೋದರೆ ನರಗುಂದ ಬಾಗಲಕೋಟೆಗೆ ಹೋಗುತ್ತದೆ. ಹಾಗಾಗಿ ಡಂಬಳದಿಂದ ಮುಂಡರಗಿ ಪೇಟೆಗೆ ಮನೆ ಬದಲಿಸಿದವನು ತಾಲ್ಲೂಕು ದಾಟಿಲ್ಲ, ಕ್ಷೇತ್ರ ದಾಟಿದ್ದಾನೆ. ನಮೂನೆ 8ರಲ್ಲಿ ‘ಕ್ಷೇತ್ರದ ಹೊರಗಿನಿಂದ’ ಎಂಬುದಕ್ಕೆ ಗುರುತು ಹಾಕದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಈ ಗಡಿಗಳು 2008ರ ಕ್ಷೇತ್ರ ಮರುವಿಂಗಡಣೆಯಿಂದ ಬಂದವು. ಅದಕ್ಕೂ ಮೊದಲು ಮುಂಡರಗಿ ಸ್ವತಂತ್ರ ವಿಧಾನಸಭಾ ಕ್ಷೇತ್ರವಾಗಿತ್ತು. ಹಳೆಯ ಕಥೆ ಈಗೇಕೆ ಎಂದರೆ, ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಪತ್ರಿಕೆಗಳಲ್ಲಿ ಬರುವ ಎಸ್‌ಐಆರ್, ಕರ್ನಾಟಕದ ಮಟ್ಟಿಗೆ 2002ರ ಪಟ್ಟಿಯನ್ನು ಆಧಾರವಾಗಿ ಹಿಡಿದಿದೆ. ಅದಕ್ಕೆ ಪೂರ್ವಸಿದ್ಧತೆಯಾಗಿ ಈಗಿನ ಮತದಾರರನ್ನು 2002ರ ಹೆಸರುಗಳೊಂದಿಗೆ ತಾಳೆ ಹಾಕುವ ಕೆಲಸಕ್ಕೆ ಬಿಎಲ್‌ಒಗಳನ್ನು ಹಚ್ಚಲಾಗಿತ್ತು. ಮುಂಡರಗಿಯವರು 2002ರ ಪಟ್ಟಿಯಲ್ಲಿ ‘ಶಿರಹಟ್ಟಿ’ ಎಂದು ಹುಡುಕಿದರೆ ಹೆಸರು ಸಿಗುವುದಿಲ್ಲ. ‘ಮುಂಡರಗಿ’ ಕ್ಷೇತ್ರದ ಹಳೆಯ ಕಡತದಲ್ಲಿ ಹುಡುಕಬೇಕು. ಲಕ್ಷ್ಮೇಶ್ವರ ಆಗ ಬೇರೆ ತಾಲ್ಲೂಕಾಗಿರಲಿಲ್ಲ, ಶಿರಹಟ್ಟಿ ತಾಲ್ಲೂಕಿನ ಪಟ್ಟಣ. ಭಾಗ ಸಂಖ್ಯೆಗಳೂ ಈಗಿನವಲ್ಲ. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಹೊಸ ಜಾಗಕ್ಕೆ ಬಂದವರು ಹಳೆಯ ಊರಿನ ಹೆಸರಿನಲ್ಲೇ ನೋಡಬೇಕು.

ಸೊಸೆಯಂದಿರದು ಇನ್ನೂ ಕಷ್ಟ. ಎಸ್‌ಐಆರ್ ನಡೆದ ಬೇರೆ ರಾಜ್ಯಗಳಲ್ಲಿ ಹಳೆಯ ಪಟ್ಟಿಯಲ್ಲಿ ಹೆಸರಿಲ್ಲದವರು ತಂದೆ ತಾಯಿಯ ನಮೂದು ತೋರಿಸಬೇಕಾಯಿತು, ಗಂಡನದಾಗಲಿ ಅತ್ತೆ ಮಾವನದಾಗಲಿ ನಡೆಯಲಿಲ್ಲ. ಕೊಪ್ಪಳದ ಹಳ್ಳಿಯಿಂದ ಶಿರಹಟ್ಟಿಗೆ ಕೊಟ್ಟ ಮಗಳು ತವರಿನ ಕ್ಷೇತ್ರ, ಭಾಗ ಸಂಖ್ಯೆ, ಅಪ್ಪನ ಕ್ರಮ ಸಂಖ್ಯೆ ಮೂರನ್ನೂ ತರಬೇಕು. ಅವಳ ಮದುವೆಯ ಹೊತ್ತಿಗೆ ಯಾರೂ ಇದನ್ನು ಬರೆದಿಟ್ಟುಕೊಂಡಿರುವುದಿಲ್ಲ. ಸ್ವಸಹಾಯ ಸಂಘದ ಸಭೆಯಲ್ಲಿ ಅರ್ಧ ಗಂಟೆ ಮೀಸಲಿಟ್ಟು, ಫೋನಿನಲ್ಲಿ ಹಳೆಯ ಪಟ್ಟಿ ತೆರೆಯಬಲ್ಲ ಒಬ್ಬ ಹುಡುಗಿಯನ್ನು ಕೂರಿಸಿದರೆ ಆಗುವ ಕೆಲಸ ಇದು. ನೋಟಿಸು ಬಂದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಟ್ಟುಕೊಳ್ಳುವುದು ವಾಸಿ.

ಎಸ್‌ಐಆರ್ ಬೇಕೇ ಬೇಡವೇ ಎಂಬ ಚರ್ಚೆಗೆ ಇಲ್ಲಿ ಇಳಿಯುವುದಿಲ್ಲ. ಒಂದನ್ನು ಮಾತ್ರ ನೆನಪಿಡಬೇಕು. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದಾಗ, ಯಾರ ಹೆಸರು ಯಾವ ಕಾರಣಕ್ಕೆ ಹೋಯಿತು ಎಂಬ ಪಟ್ಟಿಯೇ ಜನರಿಗೆ ಸಿಕ್ಕಿರಲಿಲ್ಲ. ಎಡಿಆರ್ ಎಂಬ ನಾಗರಿಕ ಸಂಸ್ಥೆಯೂ ಇತರರೂ ಸುಪ್ರೀಂ ಕೋರ್ಟಿಗೆ ಹೋದರು. ಆಗಸ್ಟ್ 14ರಂದು ಕೋರ್ಟು, ಬಿಟ್ಟುಹೋದ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದಿತು. ಕಾರಣ ಕೇಳುವುದು ಎಲ್ಲ ಕಡೆಯ ನಾಗರಿಕರ ಪಾಲಿಗೂ ತೆರೆದ ದಾರಿಯಾಯಿತು.

ಮತಗಟ್ಟೆ ಮಟ್ಟದಲ್ಲಿ ಪಟ್ಟಿ ಪರಿಶೀಲಿಸುವುದು ಹೇಗೆ ಎಂದು ಕೇಳುವವರಿಗೆ: ಒಂದು ಭಾಗ ಸಾಕು, ಇಡೀ ಕ್ಷೇತ್ರ ಬೇಡ. ಮತಗಟ್ಟೆಗೆ 1,200 ಮತದಾರರ ಮಿತಿ ಎಂದು ಆಯೋಗ 2025ರಲ್ಲಿ ಇಳಿಸಿದೆ. ಪುಟಕ್ಕೆ 30 ಚೌಕದ ಲೆಕ್ಕದಲ್ಲಿ 40 ಪುಟ. ಜಾಲತಾಣದಲ್ಲಿ ಸಿಗುವ ಪಟ್ಟಿ ಚಿತ್ರದ ರೂಪದ್ದು, ಅದರಲ್ಲಿ ಹೆಸರು ಟೈಪಿಸಿ ಹುಡುಕಲಾಗದು. ಹುಡುಕಬಲ್ಲ ರೂಪದಲ್ಲಿ ಕೊಡಿಸಿ ಎಂದು ಕಾಂಗ್ರೆಸ್ ನಾಯಕ ಕಮಲನಾಥ್ ಹೂಡಿದ್ದ ಅರ್ಜಿಯನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಲಿಲ್ಲ. ಆದ್ದರಿಂದ ಮುದ್ರಿಸಿಕೊಂಡು ಪೆನ್ಸಿಲ್ ಹಿಡಿಯುವುದೇ ಗತಿ. ಹಾಗೆ ನೋಡಿದರೆ ಒಳ್ಳೆಯದೇ ಆಯಿತು. ಓಣಿಯ ಹಿರಿಯರೊಬ್ಬರು, ಆ ಓಣಿಗೇ ಮದುವೆಯಾಗಿ ಬಂದ ಹೆಂಗಸೊಬ್ಬರು, ಓದುವ ಹುಡುಗನೊಬ್ಬ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದರೆ ಕಂಪ್ಯೂಟರಿಗೆ ಕಾಣದ್ದು ಕಾಣುತ್ತದೆ. ಪರಿಷ್ಕರಣೆಯ ಕಾಲದಲ್ಲಿ ಗ್ರಾಮಸಭೆಯಲ್ಲಿ ಪಟ್ಟಿ ಓದಬೇಕೆಂದು ಆಯೋಗದ್ದೇ ಸೂಚನೆ ಇದೆ. ಗ್ರಾಮ ಪಂಚಾಯ್ತಿಯ ಪಿಡಿಒ ಅವರಿಗೆ ನೆನಪಿಸಬೇಕಷ್ಟೆ.

ಕಂಪ್ಯೂಟರಿಗೆ ಕಾಣದ್ದು ಏನು? ಶಿರಹಟ್ಟಿಯಲ್ಲಿ ಫಕ್ಕೀರೇಶ್ವರ ಮಠದ ಭಕ್ತಿಯಿಂದ ಮನೆಗೊಬ್ಬ ಫಕ್ಕೀರಪ್ಪ, ಫಕ್ಕೀರವ್ವ. ಮುಂಡರಗಿಯಲ್ಲಿ ಅನ್ನದಾನೀಶ್ವರ ಮಠದಿಂದ ಅನ್ನದಾನಿಗಳು, ಅನ್ನಪೂರ್ಣೆಯರು. ಫಕ್ಕೀರಪ್ಪ, ತಂದೆ ಬಸಪ್ಪ, ವಯಸ್ಸು 46 ಎಂಬ ನಮೂದು ಒಂದೇ ಭಾಗದಲ್ಲಿ ಎರಡು ಸಲ ಬಂದರೆ ತಂತ್ರಾಂಶ ಅದನ್ನು ‘ಹೋಲುವ ನಮೂದು’ ಎಂದು ಎತ್ತಿ ತೋರಿಸುತ್ತದೆ. ಇಬ್ಬರೂ ಬೇರೆ ಬೇರೆ ಎಂದು ಓಣಿಗೆ ಗೊತ್ತು. ಒಂದೇ ಮನೆ ನಂಬರಿನಲ್ಲಿ 20 ಮತದಾರರು ಕಂಡರೆ ಬೆಂಗಳೂರಿನಲ್ಲಿ ಕೂತವರಿಗೆ ಅನುಮಾನ. ಇಲ್ಲಿ ಅದು ಒಡೆಯದ ಅಣ್ಣತಮ್ಮಂದಿರ ವಾಡೆ ಇದ್ದೀತು. ಮನೆ ನಂಬರು ಸೊನ್ನೆ ಎಂದಿದ್ದರೆ ನಂಬರು ಹಾಕದ ತಾಂಡಾ ಇದ್ದೀತು. ಹಾಗೆಂದು ಎಲ್ಲವೂ ಸರಿ ಎಂದಲ್ಲ. ಹೋಗಿ ನೋಡಿ ಹೇಳಬೇಕು. ದೊಡ್ಡ ಮನೆಯಲ್ಲಿ ಒಂದೇ ಹೆಸರು ಇರುವುದು ಹೆಚ್ಚು ಹೆಸರು ಇರುವುದಕ್ಕಿಂತ ಗಂಭೀರ ಸೂಚನೆ ಎಂಬುದು ನನ್ನ ಎಣಿಕೆ. ಅಲ್ಲಿ ಯಾರೋ ಬಿಟ್ಟುಹೋಗಿದ್ದಾರೆ. 2018ರ ಚುನಾವಣೆಗೆ ಮುಂಚೆ ಕರ್ನಾಟಕದಲ್ಲಿ ಬಿಟ್ಟುಹೋದ ಮುಸ್ಲಿಂ ಮತದಾರರನ್ನು ಹುಡುಕಿದ ಸಂಶೋಧಕರು ಹಿಡಿದ ದಾರಿಯೂ ಇದೇ, ಒಬ್ಬರೇ ಮತದಾರರಿರುವ ಮನೆಗಳನ್ನು ಮೊದಲು ಎಣಿಸಿದರು.

ಸಿಕ್ಕಿದ್ದನ್ನೆಲ್ಲ ಗಂಟು ಕಟ್ಟಿ ಒಬ್ಬರೇ ಒಯ್ದು ಕೊಡುವಂತಿಲ್ಲ. ಬೇರೆಯವರ ಅರ್ಜಿಗಳನ್ನು ರಾಶಿಯಾಗಿ ತಂದರೆ ಸ್ವೀಕರಿಸಬಾರದು ಎಂಬುದು ನಿಯಮ. ಪಕ್ಷಗಳ ಬೂತ್ ಏಜೆಂಟರಿಗೆ ಮಿತಿಯೊಳಗೆ ಅವಕಾಶವಿದೆ, ಅವರೂ ಮುಚ್ಚಳಿಕೆ ಬರೆದುಕೊಡಬೇಕು. ಅಂಥ ಅವಕಾಶವಿಲ್ಲದ ನಾಗರಿಕ ಗುಂಪು ಮಾಡಬಹುದಾದ್ದು, ಪ್ರತಿ ಮನೆಯವರಿಂದಲೇ ಅರ್ಜಿ ಹಾಕಿಸುವುದು, ಮತ್ತು ಒಟ್ಟು ಚಿತ್ರವನ್ನು ಭಾಗ ಸಂಖ್ಯೆ, ಕ್ರಮ ಸಂಖ್ಯೆ ಸಮೇತ ಪತ್ರವಾಗಿ ನೋಂದಣಾಧಿಕಾರಿಗೂ ಜಿಲ್ಲಾಧಿಕಾರಿಗೂ ಕೊಟ್ಟು ಸ್ವೀಕೃತಿ ಪಡೆಯುವುದು. ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು: ಇಂಥ ಗುಂಪು ಬದುಕಿರುವ ಯಾರ ಮೇಲೂ ನಮೂನೆ 7 ಹಾಕಬಾರದು. ತೀರಿಕೊಂಡವರ ಹೆಸರು ತೆಗೆಸಲು ಅವರ ಮನೆಯವರೇ ಸಹಿ ಮಾಡಲಿ. 2025ರಿಂದ ಜನನ-ಮರಣ ನೋಂದಣಿಯ ಮಾಹಿತಿ ಆಯೋಗಕ್ಕೆ ನೇರ ಹೋಗುವ ವ್ಯವಸ್ಥೆಯೂ ಬರುತ್ತಿದೆ. ಬದುಕಿರುವವನ ಬಗ್ಗೆ ಅನುಮಾನವಿದ್ದರೆ ಬಿಎಲ್‌ಒಗೆ ಹೇಳಿ, ಅವರು ನೋಡಲಿ. ಜಾತಿ, ಪಕ್ಷ, ಹೊಲದ ಬದುವಿನ ಜಗಳ ಎಲ್ಲ ಒಂದೇ ಓಣಿಯಲ್ಲಿ ಇರುವಾಗ ಹೆಸರು ಹೊಡೆಸುವ ಅಧಿಕಾರವನ್ನು ನಾಗರಿಕ ಸಮಿತಿಯ ಕೈಗೆ ಕೊಡುವುದು ಅಪಾಯ.

ಮನೆಗೆ ಬಂದವರು ಯಾರು ಎಂದೂ ಕೇಳಬೇಕು. 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಚಿಲುಮೆ ಎಂಬ ಸಂಸ್ಥೆಯವರು ಮತದಾರರ ಜಾಗೃತಿಯ ಹೆಸರಿನಲ್ಲಿ ಬಿಎಲ್‌ಒಗಳ ಗುರುತಿನ ಚೀಟಿ ಹಾಕಿಕೊಂಡು ಮನೆಮನೆಯ ಮಾಹಿತಿ ಸಂಗ್ರಹಿಸಿದ ಆರೋಪ ಹೊರಬಂತು. ಆಯೋಗ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳ ಸೇರ್ಪಡೆ ಮತ್ತು ತೆಗೆದುಹಾಕುವಿಕೆಗಳನ್ನು ಮತ್ತೆ ಪರಿಶೀಲಿಸಲು ಹೇಳಿ, ಅಧಿಕಾರಿಗಳ ಅಮಾನತಿಗೆ ಆದೇಶಿಸಿತು. ಬಿಎಲ್‌ಒ ನಿಮ್ಮ ಓಣಿಯ ಶಾಲೆಯ ಮಾಸ್ತರೋ ಅಂಗನವಾಡಿ ಟೀಚರೋ ಆಗಿರುತ್ತಾರೆ, ಕೊರಳಲ್ಲಿ ಫೋಟೊ ಇರುವ ಚೀಟಿ ಇರಬೇಕು. ಪರಿಚಯವಿಲ್ಲದವರಿಗೆ ಆಧಾರ್ ನಂಬರು, ಒಟಿಪಿ ಕೊಡಬೇಡಿ. 1950ಕ್ಕೆ ಕರೆ ಮಾಡಿ ಕೇಳಬಹುದು.

ಗದಗದ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಇದ್ದು ಕಲಿಯುವ ಅಂಧ ವಿದ್ಯಾರ್ಥಿಗಳ ಹೆಸರು ಎಲ್ಲಿರಬೇಕು? ವಸತಿ ಇರುವ ವಿದ್ಯಾರ್ಥಿ ಊರಿನ ಮನೆಯ ವಿಳಾಸದಲ್ಲಾಗಲಿ, ಕಲಿಯುವ ಸ್ಥಳದಲ್ಲಾಗಲಿ ಹೆಸರು ಬರೆಸಬಹುದು, ಒಂದೇ ಕಡೆ. ನಮೂನೆ 8ರಲ್ಲಿ ಅಂಗವಿಕಲತೆ ದಾಖಲಾಗಿದ್ದರೆ ಮತಗಟ್ಟೆಯಲ್ಲಿ ನೆರವು ಸಿದ್ಧವಿರುತ್ತದೆ. ಯಂತ್ರದ ಮೇಲೆ ಬ್ರೈಲ್ ಅಂಕಿಗಳಿವೆ, ಜೊತೆಗೊಬ್ಬರನ್ನು ಕರೆದೊಯ್ಯಲೂ ಅವಕಾಶವಿದೆ.

ನಗರಸಭೆ, ಪುರಸಭೆ, ಪಟ್ಟಣ ಪಂಚಾಯ್ತಿ ಚುನಾವಣೆ ನಡೆಸುವುದು ಬೇರೆ ಸಂಸ್ಥೆ, ರಾಜ್ಯ ಚುನಾವಣಾ ಆಯೋಗ. ಅದು ವಿಧಾನಸಭೆಯ ಪಟ್ಟಿಯನ್ನೇ ತೆಗೆದುಕೊಂಡು ವಾರ್ಡುಗಳಿಗೆ ಹಂಚುತ್ತ ಬಂದಿದೆ. ಗದಗ-ಬೆಟಗೇರಿಯಲ್ಲಿ 35 ವಾರ್ಡು. ಹಂಚುವಾಗ ಗಡಿಯ ಓಣಿಯ ಒಂದು ಸಾಲು ಮನೆಗಳು ಪಕ್ಕದ ವಾರ್ಡಿಗೆ ಹೋಗಿಬಿಡುವುದು ಹೊಸತಲ್ಲ. ವಾರ್ಡು ಚುನಾವಣೆ ಬೆರಳೆಣಿಕೆ ಮತದಲ್ಲಿ ನಿರ್ಧಾರವಾಗುವುದರಿಂದ ಆ ಒಂದು ಸಾಲೇ ಫಲಿತಾಂಶ. ಆದ್ದರಿಂದ ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದೆ ಎಂದು ಸುಮ್ಮನಿರದೆ ವಾರ್ಡುವಾರು ಕರಡನ್ನು ಬೇರೆಯಾಗಿ ನೋಡಬೇಕು. ಸ್ಥಳೀಯ ಸಂಸ್ಥೆಗಳಿಗೆ ಮತಪತ್ರ ಬಳಸಲು, ರಾಜ್ಯ ಆಯೋಗವೇ ತನ್ನ ಪಟ್ಟಿ ತಯಾರಿಸಲು ಅನುವು ಮಾಡಬೇಕೆಂದು 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ತೀರ್ಮಾನಿಸಿತು. ಅದನ್ನು ಪ್ರಕಟಿಸಿದವರು ಗದಗದ ಶಾಸಕರೂ ಕಾನೂನು ಸಚಿವರೂ ಆದ ಎಚ್‌.ಕೆ. ಪಾಟೀಲರೇ. ಪಟ್ಟಿಯೇ ಬೇರೆಯಾದರೆ ಓದುವ ಕೆಲಸವೂ ಇಮ್ಮಡಿ.

ಮತದಾನದ ದಿನ ಹೋದಾಗ ನಿಮ್ಮ ಹೆಸರಿನಲ್ಲಿ ಯಾರೋ ಆಗಲೇ ಹಾಕಿದ್ದಾರೆ ಎಂದರೆ ಜಗಳವಾಡಿ ಮನೆಗೆ ಬರಬೇಡಿ. ಗುರುತು ರುಜುವಾತಾದರೆ ಅಧ್ಯಕ್ಷಾಧಿಕಾರಿ ‘ಟೆಂಡರ್ಡ್’ ಮತಪತ್ರ ಕೊಡಬೇಕು. ಅದು ಮಾಮೂಲು ಎಣಿಕೆಗೆ ಬರುವುದಿಲ್ಲ, ಲಕೋಟೆಯಲ್ಲಿ ಉಳಿಯುತ್ತದೆ. ವಿಷಯ ಕೋರ್ಟಿಗೆ ಹೋದರೆ ಸಾಕ್ಷಿಯಾಗುವುದು ಅದೊಂದೇ. ಗುರುತಿನ ಚೀಟಿ ಕೈಯಲ್ಲಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾತ್ರ ಆ ದಿನ ಯಾರೂ ಏನೂ ಮಾಡಲಾರರು. ಚುನಾವಣೆ ಘೋಷಣೆಯಾದ ಮೇಲೂ ನಮೂನೆ 6ಕ್ಕೆ ಸ್ವಲ್ಪ ಕಾಲಾವಕಾಶ ಇರುತ್ತದೆ. ನಾಮಪತ್ರದ ಕೊನೆಯ ದಿನ ದಾಟಿದರೆ ಹೆಸರು ಸೇರಿಸಲು ಕಾಯ್ದೆಯೇ ಬಿಡುವುದಿಲ್ಲ, ಮೇಲಾಗಿ ಆಕ್ಷೇಪಣೆಗೆ ಏಳು ದಿನ ಬೇಕು. ಹಾಗಾಗಿ ಆ ಕೊನೆಯ ದಿನಕ್ಕೆ ಹತ್ತು ದಿನ ಮುಂಚೆ ಅರ್ಜಿ ಒಳಗಿರಬೇಕು.

ಪದವೀಧರರಿಗೆ ಇನ್ನೊಂದು ಪಟ್ಟಿ ಇದೆ, ಅದರ ಸ್ವಭಾವ ಬೇರೆ. ಧಾರವಾಡ, ಹಾವೇರಿ, ಗದಗ, ಉತ್ತರ ಕನ್ನಡ ಸೇರಿದ ಪಶ್ಚಿಮ ಪದವೀಧರ ಕ್ಷೇತ್ರದಿಂದ ವಿಧಾನ ಪರಿಷತ್ತಿಗೆ 2020ರಲ್ಲಿ ಚುನಾವಣೆ ನಡೆದಿತ್ತು, ಆರು ವರ್ಷಕ್ಕೊಮ್ಮೆ ಬರುವ ಚುನಾವಣೆ ಅದು. ಈ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಬರೆಯುತ್ತಾರೆ, ಹಳೆಯದು ಮುಂದುವರಿಯುವುದಿಲ್ಲ. ಅರ್ಹತಾ ದಿನ ನವೆಂಬರ್ 1. ಆ ದಿನಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು. ಅರ್ಜಿ ನಮೂನೆ 18. ಹಿಂದಿನ ಸಲ ಮತ ಹಾಕಿದ್ದೇನೆ, ಹೆಸರು ಇದ್ದೇ ಇರುತ್ತದೆ ಎಂದು ಕೂತ ವಕೀಲರು, ಡಾಕ್ಟರುಗಳು, ಕಾಲೇಜಿನ ಲೆಕ್ಚರರುಗಳು ಪ್ರತಿ ಸಲವೂ ಹೊರಗುಳಿಯುತ್ತಾರೆ. ಪದವಿ ಪ್ರಮಾಣಪತ್ರದ ದೃಢೀಕರಿಸಿದ ಪ್ರತಿಯೊಂದಿಗೆ ನಮೂನೆ 18ನ್ನು ಮತ್ತೆ ತುಂಬಲೇಬೇಕು.